ಹಿತ್ತಲಿನ ಪೈಪಿನ ಹನಿ

ಈ ಮನೆಗೆ ಕಾಲಿಟ್ಟ ದಿನದಿಂದ ಹಂಡೆಗೆ ಉರಿ ಹಾಕುತ್ತಿದ್ದವಳು ದೊಡ್ಡ ಸೊಸೆ. ಬೆಳಗಾದರೆ ಮನೆಮಂದಿಯೆಲ್ಲ ಅವಳನ್ನು ಕೇಳಿಯೇ ಬಚ್ಚಲಿಗೆ ಹೋಗಬೇಕಿತ್ತು. ಚಿಕ್ಕ ಸೊಸೆ ಹೊರಗಿನ ಗಾಳಿಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದ ಮೇಲೆ ಕೇಳುವವರೇ ಇಲ್ಲ. ಹಿತ್ತಲಿನಲ್ಲಿ ಅದರ ಫ್ಯಾನ್ ಗುಂಯ್‌ಗುಡುತ್ತದೆ, ಪಕ್ಕದ ಟ್ಯಾಂಕಿನಲ್ಲಿ ನೀರು ತಾನಾಗಿಯೇ ಕಾಯುತ್ತದೆ. "ಚಿಕ್ಕವಳ ಬುದ್ಧಿಯೇ ಬುದ್ಧಿ" ಎಂದು ಅತ್ತೆ ಹೊಗಳಿದಾಗಲೆಲ್ಲ ದೊಡ್ಡವಳ ಹೊಟ್ಟೆಯಲ್ಲಿ ಆ ಹಳೆಯ ಒಲೆಯೇ ಉರಿಯುತ್ತಿತ್ತು.

ಒಂದು ದಿನ ಟ್ಯಾಂಕಿನ ಬದಿಯ ಸಣ್ಣ ಪೈಪು ತೊಟ್ಟಿಕ್ಕುವುದು ಕಂಡಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಅತ್ತೆಯನ್ನು ಕರೆದು ತೋರಿಸಿ, ಅವರೆದುರೇ ಪೈಪಿನ ಬಾಯಿಗೆ ಮರದ ಬೆಣೆ ಜಡಿಯಲು ಹೋದಳು.

"ಸೋರೋ ಯಂತ್ರ ತಂದವಳು ಅವಳು. ರಿಪೇರಿಗೆ ಮಾತ್ರ ನಾನೇ ಬೇಕು, ನೋಡಿ ಅತ್ತೆ."

ಚಿಕ್ಕವಳು ಓಡಿ ಬಂದು ಅವಳ ಕೈ ಹಿಡಿದಳು. "ಬೇಡ ಅಕ್ಕ. ನೀರು ಕಾದು ಹಿಗ್ಗುವಾಗ ಒಳಗಿನ ಒತ್ತಡ ಇಲ್ಲಿಂದಲೇ ಹೊರಗೆ ಹೋಗ್ಬೇಕು. ಇದನ್ನ ಮುಚ್ಚಿದ್ರೆ ಟ್ಯಾಂಕೇ ಸಿಡಿದುಹೋಗ್ಬಹುದು."

"ಅಷ್ಟೂ ಗೊತ್ತಿಲ್ವೇನೇ ನಿನಗೆ?" ಎಂದು ಅತ್ತೆ ದೊಡ್ಡವಳನ್ನು ನೋಡಿದರು.

"ನಾನೇ ಅಕ್ಕನಿಗೆ ಹೇಳಿರ್ಲಿಲ್ಲ ಅತ್ತೆ, ತಪ್ಪು ನಂದು" ಎಂದಳು ಚಿಕ್ಕವಳು.

ಆ ಒಳ್ಳೆಯ ಮಾತು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಬೆಣೆಯನ್ನು ಬೆನ್ನ ಹಿಂದೆ ಮರೆಮಾಡಿ ನಿಂತಿದ್ದ ದೊಡ್ಡವಳು ಕಡೆಗೆ ಒಳಗೆ ಹೋಗಿ ಬಕೆಟ್ ತಂದು ಹನಿಯ ಕೆಳಗಿಟ್ಟಳು.

"ನೀರು ಕಾಯುವಾಗ ಹನಿ ಬೀಳ್ತಿದೆಯಾ ಅಂತ ದಿನಾ ಯಾರಾದ್ರೂ ನೋಡ್ಬೇಕಲ್ವಾ? ಅದನ್ನ ನಾನು ನೋಡ್ಕೋತೀನಿ. ನೀನು ಬಕೆಟ್ ಮುಟ್ಟಬೇಡ."