ಕುಮಟಾಕ್ಕೆ ಹೊರಟಿದ್ದವಳು

ನನ್ನ ತಂಗಿ ಮಾದೇವಿಯ ಎಡಗಾಲಿನ ಬಲ ಹೋಗುತ್ತಿದೆ ಎಂಬುದು ನನಗೆ ಆವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಏನೂ ಇಲ್ಲ ಎಂದೆ. ಡಾಕ್ಟರ ಬಳಿ ಹೊರಟಿದ್ದವಳನ್ನು ಅರ್ಧ ದಾರಿಯಲ್ಲಿ ತಡೆದು ಮನೆಗೆ ಕಳಿಸಿದೆ. ಅವಳು ಈಗ ನಡೆಯುವುದಿಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೆ ಇರುವುದು ಕಷ್ಟವೇನೂ ಆಗಲಿಲ್ಲ — ಯಾರೂ ಕೇಳಲಿಲ್ಲ, ಅಷ್ಟೆ.

ಹೊನ್ನಾವರ ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ಮಾಲೀಕನಲ್ಲ, ಆ ವಿದ್ಯೆ ಓದಿದವನೂ ಅಲ್ಲ. ಚೀಟಿ ನೋಡಿ ಮಾತ್ರೆ ಕೊಡುತ್ತ ಕೊಡುತ್ತ ನಾಲ್ಕು ಹೆಸರು ಬಾಯಿಗೆ ಬಂದವು. ಅಷ್ಟಕ್ಕೇ ಜನ ನನ್ನನ್ನು "ಡಾಕ್ಟ್ರೆ" ಎನ್ನುತ್ತಾರೆ, ಅರ್ಧ ತಮಾಷೆಗೆ, ಅರ್ಧ ನಂಬಿಕೆಯಿಂದ. ಅದು ನನಗೆ ಇಷ್ಟವಾಗುತ್ತಿತ್ತು ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಯಾರಾದರೂ ಹೊಟ್ಟೆನೋವು ಎಂದು ಬಂದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಷ್ಟು ದಿನ ಆತು?" ಎಂದು ಕೇಳುವ ಗತ್ತು ಬೇರೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮಾದೇವಿಗೆ ಮಾತ್ರ ಹಿತ್ತಲ ಗಿಡದ ಮೇಲೇ ನಂಬಿಕೆ. ಅವಳ ಮನೆಯಲ್ಲಿ ಯಾರಿಗೆ ಸೀನು ಬಂದರೂ ಮೊದಲು ಫೋನು ಬರುತ್ತಿದ್ದದ್ದು ನನಗೆ.

ಅಪ್ಪನ ವಿಷಯ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಅಪ್ಪ ಟೈಲರ್. ಒಂದು ದಿನ ಅವನ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಹೋಯಿತು. ಮನೆಗೆ ಬಂದ ಮೇಲೆಯೇ ಅವನಿಗೆ ಗೊತ್ತಾದದ್ದು. ನಾವೆಲ್ಲ ನಕ್ಕೆವು. ಆರು ತಿಂಗಳಲ್ಲಿ ಹೊಲಿಗೆ ಯಂತ್ರದ ಪೆಡಲು ತುಳಿಯಲಾಗಲಿಲ್ಲ, ಆಮೇಲೆ ಕೈ, ಆಮೇಲೆ ನಾಲಿಗೆ. ಕೊನೆಗೆ ಗಂಜಿ ನುಂಗಲೂ ಆಗದೆ ಸತ್ತ. ಮಂಗಳೂರಿನ ಡಾಕ್ಟರು ಆಗ ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದರು — ಇದು ನರದ ಕಾಯಿಲೆ, ಮದ್ದಿಲ್ಲ. ಕೆಲವು ಮನೆತನಗಳಲ್ಲಿ ಮಾತ್ರ ಮಕ್ಕಳಿಗೂ ಬರುವುದುಂಟು. ನಿಮ್ಮಲ್ಲಿ ಯಾರಿಗಾದರೂ ಕಾಲಿನ ಬಲ ಕಡಿಮೆಯಾದ ಹಾಗೆ ಕಂಡರೆ ತಡಮಾಡದೆ ತೋರಿಸಿ. ನಮ್ಮಲ್ಲಿ ಎಂದರೆ ಇಬ್ಬರೇ, ನಾನು ಮತ್ತು ಮಾದೇವಿ. ಅವಳಿಗೆ ಸಂಬಂಧ ನೋಡುತ್ತಿದ್ದ ಹೊತ್ತು ಅದು. ಹೇಳಲಿಲ್ಲ. ಮದುವೆಯಾದ ಮೇಲೆ ಹೇಳೋಣ ಎಂದುಕೊಂಡೆ. ಆಮೇಲೂ — ಇರಲಿ.

ಅವಳಿಗೆ ಹೇಳದ ಆ ಮಾತು ನನ್ನ ಮೈಯಲ್ಲಿ ಮನೆ ಮಾಡಿತು. ನಲವತ್ತೈದು ದಾಟಿದ ಮೇಲೆ ನನ್ನ ಮೀನಖಂಡದಲ್ಲಿ ಏನೋ ಮಿಡಿಯತೊಡಗಿತು. ಕೂತಾಗ, ನಿಂತಾಗ, ಚರ್ಮದ ಒಳಗೆ ಹುಳ ಹರಿದ ಹಾಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ದಿನವೂ ಕಾಲು ಮುಟ್ಟಿ ನೋಡಿಕೊಂಡೆ. ಬೆಳಿಗ್ಗೆ ಬಚ್ಚಲಲ್ಲಿ ತುದಿಗಾಲ ಮೇಲೆ ಹತ್ತು ಹೆಜ್ಜೆ, ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ. ಅಪ್ಪನ ಅಳತೆ ಟೇಪಿನಿಂದಲೇ ಎರಡೂ ಮೀನಖಂಡದ ಸುತ್ತಳತೆ. ಹೆಂಡತಿ ಒಮ್ಮೆ ನೋಡಿ, "ಎಂತ, ಕಾಲಿಗೆ ಅಂಗಿ ಹೊಲಿಸುದಾ?" ಎಂದಳು. ನಗಲಿಲ್ಲ ನಾನು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನಿನಲ್ಲಿ ಆ ಕಾಯಿಲೆಯ ಲಕ್ಷಣಗಳನ್ನೇ ಓದುತ್ತಿದ್ದೆ. ಅಪ್ಪನ ಕಾಯಿಲೆಯ ಬಗ್ಗೆ ಹೊನ್ನಾವರದಲ್ಲಿ ನನ್ನಷ್ಟು ಓದಿದವನು ಇರಲಿಕ್ಕಿಲ್ಲ. ಅದಕ್ಕೇ ಹೇಳುತ್ತಿರುವುದು, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮಾದೇವಿಯನ್ನು ಕೊಟ್ಟದ್ದು ಭಟ್ಕಳದ ಹತ್ತಿರದ ಒಂದು ಹಳ್ಳಿಗೆ. ಅವಳ ಗಂಡ ಈಶ್ವರನದು ಮಲ್ಲಿಗೆ ಹಿತ್ತಲು. ನಸುಕಿನಲ್ಲಿ ಮೊಗ್ಗು ಕೊಯ್ದು, ಹೂವಿನ ರಿಕ್ಷಾ ಬರುವುದರೊಳಗೆ ಕಟ್ಟಿ ಮುಗಿಸಬೇಕು. ಆ ಮನೆಯ ಹೆಂಗಸರು ಕಟ್ಟುವ ರೀತಿಯೇ ಬೇರೆ: ನೆಲದ ಮೇಲೆ ಕೂತು, ಎಡಗಾಲು ಮುಂದೆ ಚಾಚಿ, ಬಾಳೆನಾರಿನ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿ ಬಿಗಿಯಾಗಿ ಎಳೆದು ಹಿಡಿಯುವುದು. ಕೈ ಕಟ್ಟುತ್ತದೆ, ಕಾಲು ಹಿಡಿಯುತ್ತದೆ. ಭಟ್ಕಳದ ನವಾಯತ ಮುಸ್ಲಿಮರ ಮದುವೆ ಮನೆಗಳಿಂದ ಇಂಥವಳೇ ಕಟ್ಟಿದ ಹೂದಂಡೆ ಬೇಕು ಎಂದು ಕೇಳಿ ಬರುವಷ್ಟು ಕೈಗುಣ ಅವಳದು.

ಆ ದಿನ ಮಧ್ಯಾಹ್ನಕ್ಕೆ ಮುಂಚೆ ಅವಳು ಅಂಗಡಿಯ ಮುಂದೆ ಬಂದು ನಿಂತಳು. ಕುಮಟಾಕ್ಕೆ ಹೊರಟಿದ್ದಳು. ಅಲ್ಲಿಗೆ ತಿಂಗಳಿಗೊಮ್ಮೆ ನರದ ಡಾಕ್ಟರೊಬ್ಬರು ಬರುತ್ತಿದ್ದರು. ಅವರಿಗೆ ತೋರಿಸು ಎಂದು ಅವಳ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಚೀಟಿ ಬರೆದುಕೊಟ್ಟಿದ್ದರು. ಬಸ್ಸು ಹೊನ್ನಾವರದಲ್ಲಿ ನಿಂತಾಗ ಇಳಿದುಬಿಟ್ಟಿದ್ದಳು. ಅಣ್ಣನನ್ನು ಒಂದು ಮಾತು ಕೇಳದೆ ಹೋಗುವುದು ಹೇಗೆ? ನಮ್ಮ ಕಡೆ ಹೀಗೇ. ಡಾಕ್ಟರು ಹೇಳಿದರೆ ಸಾಲದು, ಔಷಧಿ ಅಂಗಡಿಯಲ್ಲಿರುವ ಅಣ್ಣನೂ ಹೂಂ ಅನ್ನಬೇಕು.

"ಬೆರಳಲ್ಲಿ ನಾರು ನಿಲ್ಲುದೇ ಇಲ್ಲ ಅಣ್ಣ," ಎಂದಳು. "ಎಳೆದ್ರೆ ಜಾರ್ತದೆ. ಚಪ್ಪಲಿ ಹೋದ್ದೂ ಗೊತ್ತಾಗುದಿಲ್ಲ."

ಚಪ್ಪಲಿ ಎಂದ ಕೂಡಲೇ ನಾನು ಗಿರಾಕಿಗಳನ್ನು ಬಿಟ್ಟು ಎದ್ದೆ. ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಗಳನ್ನು ಒಟ್ಟಿದ ಕಡೆ ಅವಳನ್ನು ಕರೆದುಕೊಂಡು ಹೋಗಿ, ಹಿಮ್ಮಡಿಯ ಮೇಲೆ ನಿಲ್ಲು ಎಂದೆ. ಬಲಗಾಲು ನಿಂತಿತು. ಎಡಗಾಲಿನ ಮುಂಭಾಗ ಏಳಲೇ ಇಲ್ಲ, ನೆಲಕ್ಕೆ ಅಂಟಿಕೊಂಡೇ ಇತ್ತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆಯೂ ಅಷ್ಟೇ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. "ಕಾಣು, ನಿನ್ನೆದ್ರಿಗೂ ನಾಟಕ ಮಾಡ್ತದೆ ಇದು."

ಆಗ ನನಗೆ ಮೊದಲು ನೆನಪಾದದ್ದು ನನ್ನ ಕಾಲು. ಇದನ್ನೂ ಬರೆಯುತ್ತೇನೆ — ತಂಗಿ ಎದುರಿಗೆ ನಿಂತಿದ್ದಾಳೆ, ಅವಳ ಪಾದ ಏಳುತ್ತಿಲ್ಲ, ಮತ್ತು ನಾನು ಯೋಚಿಸುತ್ತಿರುವುದು: ಇವಳಿಗೆ ಅಪ್ಪನದೇ ಬಂದಿದ್ದರೆ ಇದು ವಂಶದ್ದು, ವಂಶದ್ದಾದರೆ ನನ್ನ ಮಿಡಿತವೂ ಅದೇ. ಡಾಕ್ಟರು ಅವಳ ಕಾಯಿಲೆಗೆ ಹೆಸರಿಟ್ಟರೆ ಅದು ನನ್ನ ಹಣೆಬರಹವನ್ನೂ ಓದಿದ ಹಾಗೆ. ಅದು ನನಗೆ ಬೇಡವಾಗಿತ್ತು. ಯಾರೂ ಹೆಸರು ಹೇಳದಿದ್ದರೆ ಸಾಕಿತ್ತು.

ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. "ದಿನಾ ಕಾಲು ಚಾಚಿ ಹೂ ಕಟ್ಟಿ ಕಟ್ಟಿ ನರ ಹಿಡಿದದೆ. ಎಂತದೂ ಇಲ್ಲ," ಎಂದೆ. ಅವಳು ಚೀಟಿ ತೋರಿಸಿದಳು. "ಮತ್ತೆ ಇದು?"

"ಇದೆಲ್ಲ ಎಂತಕ್ಕೆ? ನಾನಿಲ್ವನೇ?"

ಇದೇ ಆ ಮಾತು. ಅವಳ ಮುಖದಲ್ಲಿ ಎಂಥ ನೆಮ್ಮದಿ ಬಂತು ಎಂದರೆ — ಹೊರೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು. ಚೀಟಿಯನ್ನು ನಾನೇ ಇಸಿದುಕೊಂಡು ಕಿಸೆಗೆ ಹಾಕಿದೆ. ನರಕ್ಕೆ ಒಳ್ಳೆಯದು ಎಂದು ಎಲ್ಲರಿಗೂ ಕೊಡುವ ಶಕ್ತಿಮಾತ್ರೆ, ಒಂದು ಬಾಟಲಿ ತೈಲ ಕೊಟ್ಟೆ. ಬಸ್ ಸ್ಟ್ಯಾಂಡಿಗೆ ಹೋಗಿ ಬನ್ಸ್ ಕಟ್ಟಿಸಿ, ಭಟ್ಕಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಬಂದೆ. ಅಲ್ಲಿಂದ ಕುಮಟಾ ಅರ್ಧ ತಾಸಿನ ದಾರಿ. ಚೀಟಿಯನ್ನು ಸಂಜೆಯೊಳಗೆ ಹರಿದು ಹಾಕಿದೆ.

ಇಷ್ಟಕ್ಕೆ ಮುಗಿದಿದ್ದರೆ ಹೆದರಿಕೆಯಲ್ಲಿ ಏನೋ ಮಾಡಿದೆ ಎನ್ನಬಹುದಿತ್ತು. ಮುಗಿಯಲಿಲ್ಲ. ಒಂದೇ ವಾರದಲ್ಲಿ ನಾನು ರಜೆ ಹಾಕಿ ಮಂಗಳೂರಿಗೆ ಹೋಗಿ, ದೊಡ್ಡ ನರತಜ್ಞರಿಗೆ ನನ್ನ ಕಾಲು ತೋರಿಸಿ ಬಂದೆ. ಹೆಂಡತಿಗೆ ಅಂಗಡಿಯ ಕೆಲಸ ಎಂದೆ. ಡಾಕ್ಟರು ಅಪ್ಪನ ಕತೆ ಕೇಳಿದರು. ಒಡಹುಟ್ಟಿದವರಿಗೆ ಯಾರಿಗಾದರೂ ಇಂಥದ್ದು ಉಂಟೇ ಎಂದರು. ಇಲ್ಲ ಎಂದೆ. ಸ್ನಾಯುವಿಗೆ ಸೂಜಿ ಚುಚ್ಚಿ ನೋಡಿದರು, ಸುತ್ತಿಗೆಯಿಂದ ಮಂಡಿ ತಟ್ಟಿದರು, ಕೊನೆಗೆ ಬೆನ್ನು ತಟ್ಟಿದರು. "ನಿಮಗೆ ಇರುವುದು ಚಿಂತೆಯ ಕಾಯಿಲೆ ಮಾತ್ರ." ಹೊರಗೆ ಬಂದು ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡೆ. ಎರಡು ಸಲ ಪಾಯಸ ಹಾಕಿಸಿಕೊಂಡೆ, ನಾಚಿಕೆಗೆಟ್ಟವನು.

ನನಗೆ ಏನೂ ಇಲ್ಲ ಎಂದ ಮೇಲಾದರೂ ಅವಳನ್ನು ಕರೆದುಕೊಂಡು ಹೋಗಬಹುದಿತ್ತು. ಆಗ ಇನ್ನೊಂದು ಸಬೂಬು ಹುಟ್ಟಿತು: ಅವಳದು ಅಪ್ಪನ ಕಾಯಿಲೆಯೇ ಆದರೆ ಮದ್ದಂತೂ ಇಲ್ಲ, ಇದ್ದಷ್ಟು ದಿನ ನೆಮ್ಮದಿಯಿಂದ ಇರಲಿ. ಇದಕ್ಕೆ ಕರುಣೆ ಎಂದು ಹೆಸರಿಟ್ಟೆ. ಅವಳು ಫೋನು ಮಾಡಿ "ಬಲಗಾಲೂ ಜಡ ಆಗ್ತಾ ಉಂಟು" ಎಂದಳು. "ಮಾತ್ರೆ ಬಿಡಬೇಡ" ಎಂದೆ. ಗೋಡೆ ಹಿಡಿದು ನಡೆಯುತ್ತೇನೆ ಎಂದಳು. ತೈಲ ಹಚ್ಚು ಎಂದೆ. ಹೀಗೆ ಒಂದು ವರ್ಷದ ಮೇಲೆ ನಾಲ್ಕು ತಿಂಗಳು. ಒಂದು ಬೆಳಿಗ್ಗೆ ಮಲ್ಲಿಗೆ ಗಿಡಗಳ ನಡುವೆ ಬಿದ್ದವಳು ಏಳಲಿಲ್ಲ. ಈಶ್ವರ ನನ್ನನ್ನು ಕೇಳುವುದಕ್ಕೆ ನಿಲ್ಲದೆ ಸೀದಾ ಗಾಡಿ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಹಿಂದಿನಿಂದ ಓಡಿದೆ.

ಸ್ಕ್ಯಾನಿನಲ್ಲಿ ಕಂಡದ್ದು ಬೆನ್ನುಹುರಿಯನ್ನು ಒತ್ತುತ್ತಿದ್ದ ಒಂದು ಗಂಟು. ಕ್ಯಾನ್ಸರ್ ಅಲ್ಲ. ಅಪ್ಪನ ಕಾಯಿಲೆಗೂ ಅದಕ್ಕೂ ಯಾವ ನಂಟೂ ಇಲ್ಲ. ಸರ್ಜನ್ ಚಿತ್ರವನ್ನು ಬೆಳಕಿಗೆ ಹಿಡಿದು, "ನಿಧಾನಕ್ಕೆ ಬೆಳೆಯುವ ಗಂಟು ಇದು. ಒಂದು ವರ್ಷ ಮೊದಲು ಬಂದಿದ್ದರೆ ತೆಗೆದು ಹಾಕುತ್ತಿದ್ದೆವು, ಇವರು ನಡೆದುಕೊಂಡೇ ಮನೆಗೆ ಹೋಗುತ್ತಿದ್ದರು," ಎಂದರು. ಅದನ್ನು ಕೇಳಿದಾಗಲೂ — ದೇವರಾಣೆ ಸುಳ್ಳಲ್ಲ — ಮೊದಲು ನನಗಾದದ್ದು ಸಮಾಧಾನ. ಹಾಗಾದರೆ ವಂಶದ್ದಲ್ಲ. ಎರಡನೆಯ ಉಸಿರಿಗೆ ಮಾತ್ರ ಉಳಿದದ್ದು ಅರ್ಥವಾಯಿತು.

"ಮೊದಲು ಯಾರೂ ಹೇಳಲಿಲ್ಲವಾ?" ಎಂದು ಸರ್ಜನ್ ಕೇಳಿದರು. ಈಶ್ವರ ನನ್ನ ಕಡೆ ನೋಡಿದ. ಮಂಚದ ಮೇಲಿಂದ ಮಾದೇವಿಯೇ ಅಂದಳು, "ನಾನೇ ಉದಾಸೀನ ಮಾಡ್ದೆ." ನಾನು ಸರ್ಜನ್ ಕೈಯಲ್ಲಿದ್ದ ಚಿತ್ರವನ್ನೇ ನೋಡಿದೆ.

ಗಂಟು ತೆಗೆದರು. ಜೀವ ಉಳಿಯಿತು, ಕಾಲು ಬರಲಿಲ್ಲ. ಈಗ ಮಂಚದ ಕಾಲಿಗೆ ಹೊಡೆದ ಮೊಳೆಗೆ ನಾರು ಸಿಕ್ಕಿಸಿ ಹೂ ಕಟ್ಟುತ್ತಾಳೆ. ನಾನು ಪ್ರತಿ ರವಿವಾರ ಹೋಗುತ್ತೇನೆ, ಮಂಚದಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುತ್ತೇನೆ. ಬಂದವರಿಗೆಲ್ಲ ಅವಳದು ಒಂದೇ ಮಾತು: "ನನ್ನ ಅಣ್ಣನಂಥವ ಯಾರಿಗೂ ಸಿಕ್ಕುದಿಲ್ಲ." ಕಳೆದ ರವಿವಾರ ಪಕ್ಕದ ಮನೆಯಾಕೆಯ ಎದುರು ಮತ್ತೆ ಅದನ್ನೇ ಹೇಳಿದಳು. ಆಕೆ ನನ್ನ ಮುಖ ನೋಡಿ, ಪುಣ್ಯವಂತೆ ನೀನು ಮಾದೇವಿ, ಎಂದಳು. ಆ ಹೊಗಳಿಕೆಯನ್ನು ಇನ್ನೊಂದು ವಾರ ತಿಂದುಕೊಂಡಿರಲು ನನ್ನಿಂದ ಆಗಲಿಲ್ಲ.

ಆಕೆ ಎದ್ದು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಅಪ್ಪನ ಡಾಕ್ಟರು ಹೇಳಿದ್ದು, ಹಿಮ್ಮಡಿಯ ಮೇಲೆ ನಿಲ್ಲಿಸಿದಾಗ ನನಗೆ ಕಂಡದ್ದು, ಚೀಟಿ ಹರಿದದ್ದು, ವಾರದೊಳಗೆ ನಾನು ಮಂಗಳೂರಿಗೆ ಹೋದದ್ದು. ಕ್ಷಮಿಸು ಎನ್ನಲಿಲ್ಲ. ಅದನ್ನು ಕೇಳಿದರೆ ಅವಳು ಕೊಟ್ಟುಬಿಡುತ್ತಿದ್ದಳು, ಅವಳ ಸ್ವಭಾವ ನನಗೆ ಗೊತ್ತು. ಮಾದೇವಿ ಕೈಯಲ್ಲಿದ್ದ ಹೂವನ್ನು ತಟ್ಟೆಗೆ ಹಾಕಿದಳು. ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಇಷ್ಟೇ:

"ನೀ ಮಂಗ್ಳೂರಿಗೆ ಎಂತದ್ರಲ್ಲಿ ಹೋದ್ದು?"

"ಬೆಳಗಿನ ರೈಲಲ್ಲಿ."

"ಅದು ಭಟ್ಕಳದಲ್ಲಿ ನಿಲ್ತದಲ್ಲ?"

ನಿಲ್ಲುತ್ತದೆ, ಎಂದೆ. ಆವತ್ತೂ ನಿಂತಿತ್ತು. ನನ್ನ ಪಕ್ಕದ ಸೀಟು ಖಾಲಿ ಇತ್ತು ಎಂಬುದನ್ನೂ ಹೇಳಿದೆ.