ಶುಕ್ರವಾರ ಕಟ್ಟದ ಕಂತು

ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಎಲ್ಲ ಕಡೆ ಒಂದೇ ಸಮನೆ ಹಳತಾಗುವುದಿಲ್ಲ. ಸೋಮವಾರ, ಬುಧವಾರಗಳ ಚೌಕಗಳು ಡಿಸೆಂಬರಿನಲ್ಲೂ ಆಗ ತಾನೇ ಪ್ರೆಸ್ಸಿನಿಂದ ಬಂದಂತಿದ್ದರೆ, ಮಂಗಳವಾರ, ಶುಕ್ರವಾರಗಳ ಮೇಲೆ ಮಾತ್ರ ಒಂದೊಂದು ಕುಂಕುಮದ ಬೊಟ್ಟು. ದೇವರಿಗೆ ಇಟ್ಟ ಮೇಲೆ ಬೆರಳಲ್ಲಿ ಉಳಿದದ್ದನ್ನು ನಮ್ಮತ್ತೆ ಒರೆಸುವುದು ಅಲ್ಲಿಗೇ. ಅವರು ಇದನ್ನು ಭಕ್ತಿ ಎನ್ನುತ್ತಾರೆ, ನಾನು ಸೋಮಾರಿತನ ಎನ್ನುತ್ತಿದ್ದೆ. ಆದರೆ ಇವೇ ಬೊಟ್ಟುಗಳು ಒಮ್ಮೆ ನನ್ನ ಮಾನ ಕಾಪಾಡಿದ್ದರಿಂದ ಈಗ ಬಾಯಿ ಮುಚ್ಚಿಕೊಂಡಿದ್ದೇನೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಜಯಲಕ್ಷ್ಮಿಪುರಂನ ಬಾಡಿಗೆ ಮನೆಯಲ್ಲಿದ್ದ ನಮಗೆ ವಿಜಯನಗರದಲ್ಲಿ ಎರಡು ಕೋಣೆಯ ಪುಟ್ಟ ಮನೆಯೊಂದು ಕಣ್ಣಿಗೆ ಬಿದ್ದಿತ್ತು. ಶನಿವಾರ ಮಧ್ಯಾಹ್ನದೊಳಗೆ ಬ್ಯಾಂಕಿನ ಒಪ್ಪಿಗೆ ತೋರಿಸದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮನೆಯೊಡೆಯರು ಖಡಾಖಂಡಿತವಾಗಿ ಹೇಳಿದ್ದರು. ನಾನು ಹೈಸ್ಕೂಲ್ ಮೇಡಂ, ಶಿಸ್ತಿನ ಸಾಕಾರಮೂರ್ತಿ, ನನಗೆ ಸಾಲ ಕೊಡದೆ ಇನ್ಯಾರಿಗೆ ಕೊಡುತ್ತಾರೆ ಎಂದು ಸೆರಗು ಸರಿಮಾಡಿಕೊಂಡು ಕೂತಿದ್ದಾಗ, ಬ್ಯಾಂಕಿನವರು ಕ್ರೆಡಿಟ್ ರಿಪೋರ್ಟ್ ಎಂಬ ನನ್ನ ಸಾಲದ ಜಾತಕವನ್ನೇ ಮುಂದಿಟ್ಟರು. ಹಳೆಯ ಸ್ಕೂಟರ್ ಸಾಲದಲ್ಲಿ ಹನ್ನೊಂದು ಕಂತು ತಡವಂತೆ. ದಂಡ ನೂರ ಹತ್ತು ರೂಪಾಯಿ ಇಂದಿಗೂ ಬಾಕಿಯಂತೆ! ಅದನ್ನು ತೀರಿಸಿ, ಆ ಕಲೆ ತೆಗೆಯಲು ಸಾಲ ಕೊಟ್ಟವರಿಂದಲೇ ಪತ್ರ ತಂದರೆ ಮುಂದಿನ ಮಾತು. ಹೋಂವರ್ಕ್ ಒಂದು ದಿನ ತಡವಾದರೆ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ ನಾನು, ಕಿವಿಯವರೆಗೂ ಕೆಂಪಾಗಿ ಮನೆಗೆ ಬಂದೆ.

ಅತ್ತೆಯ ಮುಂದೆ ರಿಪೋರ್ಟ್ ಹಿಡಿದಾಗ ಅಪರಾಧಿ ಯಾರೆಂದು ಇಬ್ಬರಿಗೂ ಹೊಳೆಯಿತು. ಕಂತಿನ ತಾರೀಖು ಐದು. ಅದು ಮಂಗಳವಾರವೋ ಶುಕ್ರವಾರವೋ ಬಂದರೆ, ಲಕ್ಷ್ಮಿಯನ್ನು ಹೊಸಿಲು ದಾಟಿಸಬಾರದೆಂದು ಅತ್ತೆ ದುಡ್ಡಿನ ಡಬ್ಬಿಯ ಮೇಲೆ ಕೈಯಿಟ್ಟುಬಿಡುತ್ತಿದ್ದರು. ನಾನು ಮರುದಿನ ಕಟ್ಟುತ್ತಿದ್ದೆ. ಹಿಂದಿನ ದಿನವೇ ಕಟ್ಟಬಹುದಿತ್ತಲ್ಲ ಎನ್ನುತ್ತೀರಾ? ನಾನೂ ಅಂದಿದ್ದೆ. “ಕೇಳಕ್ಕೆ ಮುಂಚೆ ತಗೊಂಡೋಗಿ ಕೊಟ್ರೆ, ಇವರತ್ರ ಕೊಳೀತಾ ಬಿದ್ದೈತೆ ಅಂದ್ಕೋತಾರೆ ಕಣೇ!” ಎಂದಿದ್ದರು. ಆ ಅರ್ಥಶಾಸ್ತ್ರಕ್ಕೆ ಕೈಮುಗಿದು ನಾನು ಮರುದಿನಕ್ಕೇ ಒಪ್ಪಿಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ಸಂತೆಪೇಟೆಯ ಮಹಡಿಯೊಂದರ ಮೇಲಿದ್ದ ಆ ಫೈನಾನ್ಸ್ ಆಫೀಸಿಗೆ ಹೊರಟೆ. “ತಪ್ಪು ನಂದು, ನಾನೂ ಬತ್ತೀನಿ” ಎಂದು ಅತ್ತೆಯೂ ವೈರ್ ಬುಟ್ಟಿ ಹಿಡಿದು ಹೊರಟರು. ಬುಟ್ಟಿಯಲ್ಲಿ ಏನಿದೆಯೆಂದು ನನಗೆ ತಿಳಿದದ್ದು ಮ್ಯಾನೇಜರ್ ಮುಂದೆ ಕೂತ ಮೇಲೆಯೇ. ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದ್ದ ಮೂರು ವರ್ಷದ ಕ್ಯಾಲೆಂಡರ್ ಹಾಳೆಗಳು! ಮೇಜಿನ ಮೇಲೆ ಹರಡಿದೊಡನೆ ಸಾರಿನಪುಡಿಯ ಘಾಟಿಗೆ ಮ್ಯಾನೇಜರ್ ಮೂರು ಸಲ ಸೀನಿದರು. ನಾನು ಮೇಜಿನ ಕೆಳಗೆ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದೆ.

“ಏನಮ್ಮ ಇದು?”

“ಸಾಕ್ಷಿ ಕಣಪ್ಪ. ನಿನ್ ಲೆಕ್ಕದ ತಾರೀಖು ಓದು, ನಾನು ಬೊಟ್ಟು ತೋರಿಸ್ತೀನಿ.”

ಅವರು ಓದಿದರು, ಅತ್ತೆ ತೋರಿಸಿದರು. ನಾಲ್ಕನೆಯ ಬೊಟ್ಟಿಗೆ ಮ್ಯಾನೇಜರ್ ತುಟಿ ಕಚ್ಚಿಕೊಂಡರು. ಏಳನೆಯದಕ್ಕೆ ಪಕ್ಕದ ಮೇಜಿನ ಗುಮಾಸ್ತೆ ಎದ್ದು ಬಂದರು. ಹನ್ನೊಂದನೆಯದೂ ಕುಂಕುಮದ ಮೇಲೆಯೇ ಬಿದ್ದಾಗ ಇಡೀ ಆಫೀಸು ಗೊಳ್ಳೆಂದಿತು. ತಡವಾದದ್ದು ಎಷ್ಟು ದಿನ ಎಂದು ರಿಪೋರ್ಟಿಗೆ ಗೊತ್ತು. ಏಕೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಅದನ್ನು ನಮ್ಮ ಅಡುಗೆಮನೆ ಬರೆದಿಟ್ಟುಕೊಂಡಿತ್ತು.

ಮ್ಯಾನೇಜರ್ ಕಣ್ಣೊರೆಸಿಕೊಂಡರು. “ಮೇಡಂ, ನೂರ ಹತ್ತು ಕಟ್ಬುಡಿ. ಈಗ್ಲೇ ಪತ್ರ ಕೊಡ್ತೀನಿ, ರಿಪೋರ್ಟಿಂದ ತೆಗೀರಿ ಅಂತಾನೂ ಬರೀತೀನಿ. ಆದ್ರೆ ಇವತ್ತೇ ಕಟ್ಬೇಕು, ನಾಳೆ ನಮ್ ಓನರ್ ಮನೇಲಿ ಮದುವೆ, ಆಫೀಸಿಗೆ ರಜ.”

ನಗು ನಿಂತಿತು. ಇವತ್ತು ಶುಕ್ರವಾರ. ಅವಸರದಲ್ಲಿ ಪರ್ಸ್ ಮನೆಯಲ್ಲೇ ಬಿಟ್ಟು ಬಂದ ಪುಣ್ಯಾತ್ಗಿತ್ತಿ ನಾನು. ದುಡ್ಡಿದ್ದದ್ದು ಅತ್ತೆಯ ಸೊಂಟದ ಚೀಲದಲ್ಲಿ ಮಾತ್ರ. ಶುಕ್ರವಾರ ಆ ಚೀಲ ಬಿಚ್ಚುವುದಿಲ್ಲ. ನಲವತ್ತು ವರ್ಷ ಮುರಿಯದ ನೇಮ ಅದು. ಅತ್ತೆ ಕುಂಕುಮದ ಹಾಳೆಗಳನ್ನು ಒಂದೊಂದಾಗಿ ಮಡಿಸಿ ಬುಟ್ಟಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: “ನೇಮ ಇಟ್ಕೊಂಡೇ ಏಳು ಬಾಡಿಗೆ ಮನೆ ಖಾಲಿ ಮಾಡಿದೀನಿ. ಒಂದ್ಸಲ ಬುಟ್ಟು ನೋಡಾನ.”

ಚೀಲದಿಂದ ಐನೂರರ ನೋಟು ಹೊರಬಂತು. ಅಷ್ಟರಲ್ಲಿ ಮ್ಯಾನೇಜರ್ ತಲೆ ಕೆರೆದುಕೊಂಡರು.

“ಅಮ್ಮಾ, ಚಿಲ್ಲರೆ ಮುನ್ನೂರ ತೊಂಬತ್ತು ಸೋಮವಾರ ಇಸ್ಕೊಂಡ್ರೆ ಆಗಲ್ವಾ?”

“ಯಾಕಪ್ಪ, ಗಲ್ಲಾದಲ್ಲಿ ಇಲ್ವಾ?”

“ಅದೆ… ಶುಕ್ರವಾರ ಗಲ್ಲಾದಿಂದ ಆಚೆ ಕೊಟ್ರೆ ನಮ್ಮಮ್ಮ ಮನೆಗೆ ಸೇರ್ಸಲ್ಲ.”

ಅತ್ತೆಯ ಮುಖ ಅರಳಿದ ಪರಿಯನ್ನು ನಾನು ವರ್ಣಿಸಲಾರೆ. “ಹಂಗಾದ್ರೆ ಸಾಲಗಾರ ನೀನು ಈಗ. ಚೀಟಿ ಬರ್ಕೊಡು. ತಡ ಆದ್ರೆ ದಿನಕ್ಕೆ ಹತ್ತು ರೂಪಾಯಿ, ನಿಮ್ಮದೇ ರೇಟು!”

ಪತ್ರವೂ ಚೀಟಿಯೂ ಒಂದೇ ಸೀಲು ಹೊತ್ತು ನಮ್ಮ ಕೈಗೆ ಬಂದವು. ಶನಿವಾರ ಬ್ಯಾಂಕು ಒಪ್ಪಿತು, ವಿಜಯನಗರದ ಮನೆ ನಮ್ಮದಾಯಿತು. ಸೋಮವಾರ ಮ್ಯಾನೇಜರ್ ಊರಲ್ಲಿರಲಿಲ್ಲ, ಮಂಗಳವಾರ ಅವರು ಕೊಡುವ ಹಾಗಿರಲಿಲ್ಲ, ಬುಧವಾರ ಗಂಭೀರವಾಗಿ ನಾನೂರ ಹತ್ತು ಎಣಿಸಿದರು. ಅತ್ತೆ ಇಪ್ಪತ್ತನ್ನು ಹಿಂದಕ್ಕೆ ತಳ್ಳಿ, “ಅಮ್ಮಂಗೆ ಹೂವ ತಗೊಂಡೋಗು” ಎಂದರು.

ಈಗ ಮನೆ ಸಾಲದ ಕಂತನ್ನು ಬ್ಯಾಂಕು ಐದನೇ ತಾರೀಖು ತಾನೇ ಖಾತೆಯಿಂದ ಮುರಿದುಕೊಳ್ಳುತ್ತದೆ. ಶುಕ್ರವಾರ ಬಂದರೆ ಏನು ಗತಿ ಎಂದು ಕೇಳಿದೆ. “ನಾವೆಲ್ಲಿ ಕೊಟ್ವಿ? ಲಕ್ಷ್ಮಿ ತಾನೇ ಎದ್ದೋದ್ಲು” ಎಂದು ಅತ್ತೆ ಬೆರಳನ್ನು ಕ್ಯಾಲೆಂಡರಿಗೆ ಒತ್ತಿದರು. ಆ ಮೂರು ವರ್ಷದ ಹಾಳೆಗಳನ್ನು ಮಾತ್ರ ಅವರು ಈಗ ಡಬ್ಬಿಗಳ ಕೆಳಗೆ ಹಾಸುವುದಿಲ್ಲ. ಮನೆಪತ್ರದ ಜೊತೆ ಬೀರುವಿನಲ್ಲಿಟ್ಟಿದ್ದಾರೆ. ನಮ್ಮ ಮನೆಪತ್ರಕ್ಕೆ ಇಂದಿಗೂ ಸಾರಿನಪುಡಿಯ ಘಮ.