ಓಡು, ನಡಿ, ಮತ್ತ ಓಡು

ಚಳಿಗಾಲದ ಬೆಳಿಗ್ಗೆ ನಡೆದು ಹೋಗುವವನನ್ನು ಯಾರೂ ಏನೂ ಕೇಳುವುದಿಲ್ಲ. ಕೂತವನನ್ನೂ ಕೇಳುವುದಿಲ್ಲ. ಕಂಬಳಿ ಹೊದ್ದು ಮಲಗಿದವನನ್ನಂತೂ ಒಳಗೊಳಗೇ ಮೆಚ್ಚಿಕೊಳ್ಳುತ್ತಾರೆ. ಆದರೆ ಓಡುವವನನ್ನು ಕಂಡರೆ ಊರಿಗೆ ಕಾರಣ ಬೇಕು. ನಾವು ಹೇಳದಿದ್ದರೆ ಊರೇ ಒಂದನ್ನು ಹುಡುಕಿಕೊಳ್ಳುತ್ತದೆ. ಅದು ಹುಡುಕಿದ ಕಾರಣ ನಮ್ಮದಕ್ಕಿಂತ ಯಾವಾಗಲೂ ಹೆಚ್ಚು ರುಚಿಯಾಗಿರುತ್ತದೆ. ಇದು ನಾನು ಓದಿ ತಿಳಿದದ್ದಲ್ಲ, ಓಡಿ ತಿಳಿದದ್ದು.

ಓದು, ಓಡು. ನಾಲಿಗೆ ಹಲ್ಲಿಗೆ ತಾಗಿದರೆ ಮೊದಲನೆಯದು, ಸ್ವಲ್ಪ ಹಿಂದಕ್ಕೆ ಮಡಿಚಿದರೆ ಎರಡನೆಯದು. ನಾನು ಹುಟ್ಟಿನಿಂದಲೂ ಹಲ್ಲಿನ ಕಡೆಯವನು. ಕನ್ನಡ ನಾಡು ಒಂದಾದ ಮೇಲಿನ ಮೊದಲ ಚಳಿಗಾಲದಲ್ಲಿ ರೋಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮೈಯಲ್ಲಿ ಮಾಂಸಕ್ಕಿಂತ ಎಲುಬು ಹೆಚ್ಚು, ಎಲುಬಿಗಿಂತ ಥಂಡಿ ಹೆಚ್ಚು. ನನ್ನ ಹುಟ್ಟೂರು ಗಜೇಂದ್ರಗಡದಲ್ಲಿ ಗಾಳಿಯನ್ನು ತಡೆಯಲು ಒಂದು ಗುಡ್ಡವಾದರೂ ಇದೆ. ರೋಣದ ಎರೆಭೂಮಿಯ ಬಯಲಿನಲ್ಲಿ ಪುಷ್ಯ ಮಾಸದ ಗಾಳಿಗೆ ಅಡ್ಡ ನಿಲ್ಲಲು ಏನೂ ಇರಲಿಲ್ಲ, ಇದ್ದವನು ನಾನೊಬ್ಬ.

ನನ್ನನ್ನು ಅಲ್ಲಿ ಅಡ್ಡ ನಿಲ್ಲಿಸಿದವರು ಡ್ರಿಲ್ ಮಾಸ್ತರರಾದ ಮಕ್ತುಮಸಾಹೇಬರು. ಆ ವರ್ಷ ನರಗುಂದದಲ್ಲಿ ಶಾಲೆಗಳ ಆಟೋಟ ನಡೆಯುವುದಿತ್ತು. ಕೊನೆಗೆ ಮಾಸ್ತರರದೂ ಒಂದು ಓಟವಿರಲಿ ಎಂದು ಯಾರೋ ಪುಣ್ಯಾತ್ಮರು ಸೂಚಿಸಿದ್ದರು. ನಮ್ಮ ಶಾಲೆಯಲ್ಲಿ ಸುದ್ದಿ ಹಬ್ಬಿದ ದಿನವೇ ಒಬ್ಬರಿಗೆ ಉಬ್ಬಸ ಬಂತು, ಒಬ್ಬರಿಗೆ ಮೊಣಕಾಲು ಹಿಡಿಯಿತು, ಇನ್ನೊಬ್ಬರ ಊರಿನಲ್ಲಿ ಮದುವೆ ಎದ್ದಿತು. ನನಗೆ ಏನೂ ಹೊಳೆಯುವ ಮೊದಲೇ ಸಾಹೇಬರು ನನ್ನ ಕಾಲನ್ನು ದನದ ಸಂತೆಯಲ್ಲಿ ನೋಡುವಂತೆ ನೋಡಿ ಹೇಳಿದರು:

“ಮಾಸ್ತರ, ಈ ಕಾಲು ದೇವರು ಓಡಾಕಂತನ ಕೊಟ್ಟಾನ. ನೀವು ಕುರ್ಚಿ ಕೆಳಗ ಮಡಚಿಟ್ಟು ಹಾಳ ಮಾಡಾಕತ್ತೀರಿ.”

ಅವರು ಪುಣೆಯ ಯಾವುದೋ ಶಿಬಿರಕ್ಕೆ ಹೋಗಿ ಓಟದ ಹೊಸ ಪದ್ಧತಿಯೊಂದನ್ನು ಕಲಿತು ಬಂದಿದ್ದರು. ಪ್ರಯೋಗಕ್ಕೆ ಒಂದು ಜೀವ ಬೇಕಾಗಿತ್ತು.

“ಒಂದ ಸಮ ಓಡಿದ್ರ ಎತ್ತು ಸುದ್ದಾ ದಣೀತೈತ್ರಿ. ಜೋರ್ ಓಡ್ರಿ, ಆಮ್ಯಾಲೆ ನಡೀರಿ, ಮತ್ತ ಜೋರ್ ಓಡ್ರಿ. ಪರದೇಶದಾಗ ಈಗ ಎಲ್ಲಾರೂ ಹಿಂಗ ತಾಲೀಮು ಮಾಡ್ತಾರ.”

“ಅಲ್ಲಿ ಇಷ್ಟು ಥಂಡಿ ಇರೂದಿಲ್ಲೇನೋರಿ” ಎಂದೆ, ಆಸೆಯಿಂದ.

“ಅಲ್ಲಿ ಬರ್ಫದಾಗ ಓಡ್ತಾರ್ರಿ.”

ಊರ ಹೊರಗೆ ನಮ್ಮ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ದೊಡ್ಡದೊಂದು ತತ್ತಿಯಾಕಾರದ ದಾರಿ ಮಾಡಿದರು. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾನು ಮೊಣಕಾಲವರೆಗಿನ ಚಡ್ಡಿ, ಸ್ವೆಟರು, ಅದರ ಮೇಲೊಂದು ಸ್ವೆಟರು, ಕಿವಿಗೆ ಮಫ್ಲರು ಸುತ್ತಿಕೊಂಡು ಅಲ್ಲಿ ನಿಂತಿದ್ದೆ. ಮೇಲಿನ ಅರ್ಧ ಕಾಶ್ಮೀರದಲ್ಲಿತ್ತು, ಕೆಳಗಿನ ಅರ್ಧ ಮೇ ತಿಂಗಳಲ್ಲಿತ್ತು. ಸಾಹೇಬರು ಮಾತ್ರ ತಲೆಯಿಂದ ಕಾಲಿನವರೆಗೆ ಕರಿ ಕಂಬಳಿಯೊಳಗೆ ಅಡಗಿದ್ದರು. ಹೊರಗೆ ಕಾಣುತ್ತಿದ್ದದ್ದು ಸೀಟಿ ಒಂದೇ. ಅದು ಕೂಗಿದರೆ ನಾನು ಓಡಬೇಕು. ಮತ್ತೆ ಕೂಗಿದರೆ ನಡೆಯಬೇಕು. ಮತ್ತೆ ಕೂಗಿದರೆ ಮತ್ತೆ ಓಡಬೇಕು. ಓಡುವಾಗ ಮೂಗು ಸೋರುತ್ತಿತ್ತು, ನಡೆಯುವಾಗ ಕಾಲು ಮರಗಟ್ಟುತ್ತಿತ್ತು. ಬಾಯಿಯಿಂದ ಬರುವ ಹೊಗೆ ನೋಡಿದರೆ ಅಕ್ಕಿಗಿರಣಿಯೊಂದು ದಿಕ್ಕೆಟ್ಟು ತಿರುಗುತ್ತಿರುವಂತಿತ್ತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಕಾಲದಲ್ಲಿ ರೋಣದ ಗಂಡಸರೆಲ್ಲ ಬೆಳಿಗ್ಗೆ ತಂಬಿಗೆ ಹಿಡಿದು ಬಯಲ ಕಡೆ ಹೋಗುತ್ತಿದ್ದರು. ಅವರ ದಾರಿ ನಮ್ಮ ಸುಣ್ಣದ ಗೆರೆಯ ಪಕ್ಕದಲ್ಲೇ ಹಾದಿತ್ತು. ಒಬ್ಬ ಮನುಷ್ಯ ಓಡುತ್ತಾನೆ, ಸ್ವಲ್ಪ ಸಮಾಧಾನವಾದಂತೆ ನಡೆಯುತ್ತಾನೆ, ಮತ್ತೆ ಗಾಬರಿಯಾಗಿ ಓಡುತ್ತಾನೆ. ಇದರ ಅರ್ಥವನ್ನು ತಿಳಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಕೈಯಲ್ಲಿ ತಂಬಿಗೆ ಇಲ್ಲದ್ದನ್ನು ಕಂಡು ಅವರ ಕನಿಕರ ಇನ್ನಷ್ಟು ಹೆಚ್ಚಿತು. ಒಂದು ದಿನ ಹಿರಿಯರೊಬ್ಬರು ಗೆರೆ ದಾಟಿ ಬಂದು ತಮ್ಮ ತಂಬಿಗೆಯನ್ನು ನನ್ನ ಮುಂದೆ ಚಾಚಿದರು.

“ತಗೋರಿ ಮಾಸ್ತರ, ನಂದ ತಗೋರಿ. ನಂಗೇನ ಅವಸರಿಲ್ಲ.”

“ನಾ ತಾಲೀಮು ಮಾಡಾಕತ್ತೀನ್ರೀ ಯಜಮಾನ್ರ” ಎಂದೆ.

“ಇರವಲ್ದ್ಯಾಕ. ಇದರಾಗ ನಾಚಿಗಿ ಎಂಥಾದ್ರಿ?” ಎಂದರು. ಅಷ್ಟರಲ್ಲಿ ಸೀಟಿ ಕೂಗಿತು. ನಾನು ಬಾಣದಂತೆ ಓಡಿದೆ. ಹಿಂದಿನಿಂದ “ಪಾಪ, ಪಾಪ” ಎಂಬ ಮಾತು ಕೇಳಿಸಿತು.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ನೀಲವ್ವ ಅದೇ ವಾರ ನನ್ನ ಊಟದಿಂದ ಮಜ್ಜಿಗೆಯನ್ನು ತೆಗೆದುಹಾಕಿದಳು. ಊಟವಾದ ಮೇಲೆ ಅಂಗೈಗೆ ಅಜವಾನ, ಅಂದರೆ ಓಂಕಾಳು, ಹಾಕಿ “ಅಗೀ ತಮ್ಮಾ, ನುಂಗಬ್ಯಾಡ” ಎನ್ನುತ್ತಿದ್ದಳು. ಥಂಡಿಗೆಂದು ತಿಳಿದು ನಾನು ಕೃತಜ್ಞತೆಯಿಂದ ಅಗಿದೆ.

ಇಷ್ಟರಲ್ಲೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಆಗ ನನಗೆ ಹೆಣ್ಣು ನೋಡುತ್ತಿದ್ದರು. ನರಗುಂದದ ಕಾಳಿನ ವ್ಯಾಪಾರಿ ವೀರಪ್ಪನವರ ಮಗಳು ಗಂಗವ್ವ. ಹಿಂದಿನ ತಿಂಗಳು ಗಜೇಂದ್ರಗಡದಿಂದ ಬಂದ ಅವ್ವನ ಜೊತೆ ಹೋಗಿ ನೋಡಿ ಬಂದಿದ್ದೆ. ಅವಳು ತಲೆ ತಗ್ಗಿಸಿರಲಿಲ್ಲ, ತಗ್ಗಿಸಿದವನು ನಾನು. ಆ ಮುಖ ಒಮ್ಮೆ ಕಂಡ ಮೇಲೆ ವ್ಯಾಕರಣದ ಪಾಠದಲ್ಲಿ ನನ್ನ ವಿಭಕ್ತಿಗಳೆಲ್ಲ ಅದಲುಬದಲಾಗತೊಡಗಿದ್ದವು. ವೀರಪ್ಪನವರು “ನೋಡೂಣು” ಎಂದಿದ್ದರು, ಅಷ್ಟೇ.

ಒಂದು ರವಿವಾರ ವೀರಪ್ಪನವರು ಏಕಾಏಕಿ ರೋಣಕ್ಕೆ ಬಂದಿಳಿದರು. ನೀಲವ್ವ ಅವರಿಗೆ ದೂರದ ಅಕ್ಕನಾಗಬೇಕು. ಮಧ್ಯಾಹ್ನ ನನ್ನನ್ನು ಎದುರಿಗೆ ಕೂರಿಸಿಕೊಂಡು ಊಟಕ್ಕೆ ಕೂತರು. ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಮೆಣಸಿನಕಾಯಿ ಭಜಿ, ಬಿಸಿ ರೊಟ್ಟಿ. ನಾನು ಸಾಕೆಂದಷ್ಟೂ “ಇನ್ನೊಂದು ಹಾಕಬೇ ಯಕ್ಕಾ” ಎನ್ನುತ್ತಿದ್ದರು. ಭಾವೀ ಮಾವನ ಪ್ರೀತಿ ಎಂದರೆ ಇದು ಎಂದುಕೊಂಡು ತಿಂದೆ. ಊಟ ಮುಗಿದರೂ ಅವರು ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ. ಸಂಜೆಯವರೆಗೆ ಎದುರಿಗೇ ಕೂತು ನನ್ನ ಮುಖವನ್ನು ನೋಡಿದರು.

“ಏನೂ ಅನಸವಲ್ದೇನ್ರಿ?”

“ಏನ ಅನಸಬೇಕ್ರಿ?”

“ಏನಿಲ್ಲ, ಏನಿಲ್ಲ. ಆರಾಮ ಕುಂಡ್ರಿ.”

ಹೊರಡುವಾಗ ಬಾಗಿಲಲ್ಲಿ ನಿಂತು ಅರ್ಧ ಸಮಾಧಾನದಿಂದ ಹೇಳಿದರು: “ನಮ್ಮೂರಾಗ ನಿಮ್ಮ ಓಟ ಐತೆಲ್ಲಾ, ಬಂದು ನೋಡ್ತೀನಿ. ನಡುವ ಎಲ್ಲೂ ನಿಲ್ಲಲಾರ್ದ ಓಡಿದ್ರ ಮಾತು ಪಕ್ಕಾ.”

ಅವರು ಹೋದ ಮೇಲೆ ನೀಲವ್ವ ಕಣ್ಣಿಗೆ ಸೆರಗು ಹಚ್ಚಿಕೊಂಡು ಎಲ್ಲವನ್ನೂ ಹೇಳಿದಳು. ನನ್ನ ಹೊಟ್ಟೆಯ ಸುದ್ದಿ ಜೋಳದ ಚೀಲಗಳ ಜೊತೆ ಗಾಡಿ ಏರಿ ನರಗುಂದದ ಪೇಟೆ ಮುಟ್ಟಿತ್ತಂತೆ. ಹುಡುಗ ಚಲೋ, ಆದರೆ ದಿನಾ ಬೆಳಿಗ್ಗೆ ಕಂಡಕಂಡಲ್ಲಿ ಓಡುತ್ತಾನೆ ಎಂದು. “ಖರೇ ಹೇಳು ತಮ್ಮಾ, ಈಗ ಹ್ಯಾಂಗ ಐತಿ?” ಎಂದಳು. ನಾನು ಅಜವಾನವನ್ನು ಅಂಗಳಕ್ಕೆ ಉಗುಳಿದೆ.

ಇನ್ನು ಓಟ ಬರಿಯ ಓಟವಾಗಿರಲಿಲ್ಲ. ನಾನು ಚಳಿಯನ್ನು ಮರೆತೆ ಎಂದರೆ ಸುಳ್ಳಾದೀತು; ಚಳಿಯ ಜೊತೆ ಗಂಗವ್ವನನ್ನೂ ನೆನೆಯುತ್ತ ಓಡಿದೆ. ಸಾಹೇಬರ ಸೀಟಿ ಕೂಗಿದಂತೆಲ್ಲ ಓಡಿ, ನಡೆದು, ಓಡಿ, ನನ್ನ ಕಾಲುಗಳು ನನ್ನನ್ನು ಕೇಳುವುದನ್ನೇ ಬಿಟ್ಟು ಸೀಟಿಯ ಮಾತು ಕೇಳತೊಡಗಿದವು.

ನರಗುಂದದ ಗುಡ್ಡದ ಕೆಳಗಿನ ಬಯಲಿನಲ್ಲಿ ಜನ ಸೇರಿತ್ತು. ಗುಡ್ಡದಿಂದ ಇಳಿದ ಗಾಳಿ ಎಲ್ಲರ ರುಮಾಲನ್ನೂ ಎಳೆದು ನೋಡುತ್ತಿತ್ತು. ವೀರಪ್ಪನವರು ಮುಂದಿನ ಸಾಲಿನಲ್ಲಿದ್ದರು. ಗಂಗವ್ವ ಒಂದಿಷ್ಟು ಗೆಳತಿಯರ ಜೊತೆ ಬೇವಿನ ಗಿಡದ ಹತ್ತಿರ ನಿಂತಿದ್ದಳು. ಮಾಸ್ತರರ ಓಟಕ್ಕೆ ಹೆಸರು ಕೊಟ್ಟವರು ಬಹಳ, ಬಂದು ನಿಂತವರು ಇಬ್ಬರೇ: ನಾನು, ಮತ್ತು ನರಗುಂದದ ಗಣಿತದ ಮಾಸ್ತರರು. ಅವರು ಕಚ್ಚೆ ಬಿಗಿದು, ಕೋಟಿನ ಗುಂಡಿ ಹಾಕಿಕೊಂಡು, ಎಣ್ಣೆಯ ಪೀಪಾಯಿಯ ಹಾಗೆ ದುಂಡಗಿದ್ದರು. ನನಗೆ ಮದುವೆಯಾದಷ್ಟೇ ಸಂತೋಷವಾಯಿತು.

ಮೊದಲ ಸುತ್ತಿನಲ್ಲಿ ಅವರು ನನ್ನ ಬೆನ್ನನ್ನೂ ಸರಿಯಾಗಿ ಕಂಡಿರಲಿಕ್ಕಿಲ್ಲ. “ಭಲೇ!” ಎಂದು ವೀರಪ್ಪನವರು ಕೂಗಿದ್ದು ಕೇಳಿಸಿತು. ಆ ‘ಭಲೇ’ ಕೇಳಿ ಮಕ್ತುಮಸಾಹೇಬರಿಗೆ ಹುರುಪು ತಡೆಯಲಾಗಲಿಲ್ಲ. ಆನಂದದಿಂದ ಸೀಟಿ ಊದಿಬಿಟ್ಟರು.

ನಾನು ನಡೆಯತೊಡಗಿದೆ.

ವೀರಪ್ಪನವರು ಹಣೆಗೆ ಕೈ ಹಚ್ಚಿದರು. “ನಡೀಬ್ಯಾಡ್ರೀ ಮಾಸ್ತರ!” ಎಂದು ಸಾಹೇಬರು ಅರಚಿ, ಅದು ಸಾಲದೆ ಮತ್ತೆ ಸೀಟಿ ಊದಿದರು. ಓಡಿದೆ. “ಹಾಂ, ಹಂಗ!” ಎಂದು ಮತ್ತೊಮ್ಮೆ ಊದಿದರು. ನಡೆದೆ. ಗಾಬರಿಯಾದ ಮನುಷ್ಯನ ಕೈಗೆ ಸೀಟಿ ಕೊಡಬಾರದು. ಅವರು ಊದುತ್ತಲೇ ಹೋದರು, ನಾನು ಓಡುತ್ತ ನಡೆಯುತ್ತ ಹೋದೆ. ಗಣಿತದ ಮಾಸ್ತರರು ಕೂಡುವ ಲೆಕ್ಕದ ಹಾಗೆ ತಪ್ಪದ ಹೆಜ್ಜೆಯಲ್ಲಿ ಬಂದು, ನನ್ನನ್ನು ದಾಟುವಾಗ “ಆರಾಮಿಲ್ಲೇನ್ರಿ?” ಎಂದು ಮರ್ಯಾದೆಯಿಂದ ಕೇಳಿ, ಮುಂದೆ ಹೋಗಿ ಗೆದ್ದರು. ನರಗುಂದ ಹೊಟ್ಟೆ ಹಿಡಿದು ನಗುತ್ತಿತ್ತು. ಕೊನೆಯ ತಿರುವಿನಲ್ಲಿ ಸಾಹೇಬರು ಸೀಟಿಯನ್ನು ನೆಲಕ್ಕೆಸೆದು ತುಳಿಯುವುದನ್ನು ಕಂಡಾಗ ನನಗೂ ನಗು ತಡೆಯಲಿಲ್ಲ. ನಗುತ್ತಲೇ ಓಡಿ ಗೆರೆ ದಾಟಿದೆ. ಎರಡನೆಯ ಸ್ಥಾನ.

ಸಂಜೆ ಮರ್ಯಾದೆಗೆಂದು ವೀರಪ್ಪನವರು ನನ್ನನ್ನೂ ಸಾಹೇಬರನ್ನೂ ಮನೆಗೆ ಕರೆದರು. ಅವಲಕ್ಕಿ ಬಂತು. ಸಾಹೇಬರು ಪದ್ಧತಿಯನ್ನೆಲ್ಲ ವಿವರಿಸಿದರು, ಪುಣೆ, ಪರದೇಶ, ಬರ್ಫ ಎಲ್ಲ ಹೇಳಿದರು. ವೀರಪ್ಪನವರು ತಲೆ ಅಲ್ಲಾಡಿಸಿದರು.

“ಇರಬೌದ್ರಿ ಸಾಹೇಬ್ರ. ಆದ್ರ ನಡುವ ನಿಂತಿದ್ದು ಊರೆಲ್ಲಾ ನೋಡೇತಿ. ಮಂದಿ ನಗಾಕತ್ತಾರ.”

ಒಳಬಾಗಿಲಿನಿಂದ ಗಂಗವ್ವನ ಧ್ವನಿ ಬಂತು.

“ಮಂದಿ ನಕ್ಕಾಗ ಇವರೂ ನಕ್ಕರಪ್ಪಾ. ಸಿಟ್ಟ ಮಾಡ್ಲಿಲ್ಲ, ಓಡೂದ ಬಿಟ್ಟು ಹೋಗ್ಲಿಲ್ಲ. ಇಂಥಾವ್ರ ಕೂಡ ಬಾಳೇ ಮಾಡೂದು ಹಗರ ಆಗತೈತಿ.”

ವೀರಪ್ಪನವರು ಮಗಳ ಕಡೆ ತಿರುಗಿ ಧ್ವನಿ ತಗ್ಗಿಸಿದರು. ಕಾಳಿನ ಪೇಟೆಯಲ್ಲಿ ಕೂಗಿ ಕೂಗಿ ಪಳಗಿದ ಧ್ವನಿ ಅದು, ತಗ್ಗಿಸಿದರೂ ಬೀದಿಗೆ ಕೇಳಿಸುತ್ತಿತ್ತು.

“ಎಲ್ಲಾ ಖರೇ ಅವ್ವಾ. ಹೊಟ್ಟಿ ಏನ ಮಾಡ್ತಿ?”

“ಹೊಟ್ಟಿ ನಾ ನೋಡ್ಕೋತೀನಿ” ಎಂದಳು ಗಂಗವ್ವ.

ವೀರಪ್ಪನವರು ನನ್ನ ಕಡೆ ನೋಡಿದರು. ನಾನು ಅವಲಕ್ಕಿಯ ಕಡೆ ನೋಡಿದೆ. ವಾರಗಟ್ಟಲೆ ಓಡಿದರೂ ಬಾರದ ಬೆವರು, ಕೂತಲ್ಲೇ, ಹಣೆಯಿಂದ ಇಳಿಯತೊಡಗಿತು.